ಹುಲಿಗೆವ್ವನಿಗೆ ಓದಿದ್ದು

ತುಂಗಭದ್ರೆಯ ದಡದಲ್ಲಿ ತಿಮೋತಿ ಅಯ್ಯನವರ ಆಶ್ರಮ. ಹೆಂಚಿನದೊಂದು ಪ್ರಾರ್ಥನಾ ಮನೆ, ಪಕ್ಕದಲ್ಲಿ ಎರಡು ಕೋಣೆ, ಅಷ್ಟೇ. ಭಾನುವಾರ ಬರುತ್ತಿದ್ದವರು ಮೀನು ಹಿಡಿಯುವವರು, ಇಟ್ಟಿಗೆ ಭಟ್ಟಿಯ ಕೂಲಿಯವರು.

ಅಯ್ಯನವರ ಕಣ್ಣು ಮಂದವಾದ ಮೇಲೆ ಸತ್ಯವೇದ, ಎಂದರೆ ಬೈಬಲ್, ಓದುವ ಕೆಲಸ ಶಿಷ್ಯ ಎಲೀಷನಿಗೆ ಬಂತು. ಯಾವ ವಚನ ಎಲ್ಲಿದೆ ಎಂದು ಕೇಳಿದರೆ ಅವನು ಪುಟ ತಿರುಗಿಸದೆ ಹೇಳುತ್ತಿದ್ದ.

ಒಂದು ಭಾನುವಾರ ಹುಲಿಗೆವ್ವ ಬಾಗಿಲಿಗೆ ಬಂದಳು. ಗಂಡಾಗಿ ಹುಟ್ಟಿ, ಸೀರೆ ಉಟ್ಟು, ಸಂತೆಯ ಅಂಗಡಿಗಳ ಮುಂದೆ ಚಪ್ಪಾಳೆ ತಟ್ಟಿ ಬದುಕುವವಳು. ಎಷ್ಟೋ ವಾರಗಳಿಂದ ಬೇಲಿಯ ಹೊರಗೆ ನಿಂತು ಹಾಡು ಕೇಳಿ ಹೋಗುತ್ತಿದ್ದಳು. ಅಂದು ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದಳು.

ಎಲೀಷ ಅಡ್ಡ ನಿಂತ. ವೇದ ತೆರೆದು, ಎಲ್ಲರಿಗೂ ಕೇಳುವಂತೆ ಒಂದು ವಚನ ಓದಿದ. ನಪುಂಸಕರು ದೇವರ ಸಭೆಗೆ ಸೇರಬಾರದು ಎಂಬ ವಚನ.

ಹುಲಿಗೆವ್ವ ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದಳು.

ಪ್ರಾರ್ಥನೆ ಮುಗಿದ ಮೇಲೆ ಅಯ್ಯನವರು ಕೇಳಿದರು: "ಬಾಗಿಲಲ್ಲಿ ಯಾರಿಗೆ ಬೇಡ ಅಂದೆ?"

"ಹುಲಿಗೆವ್ವನಿಗೆ. ಆದರೆ ನಾನು ಅನ್ನಲಿಲ್ಲ ಅಯ್ಯನವರೇ. ವೇದದಲ್ಲಿ ಇದ್ದದ್ದನ್ನು ಓದಿದೆ."

"ಪೂರ್ತಿ ಓದಿದೆಯಾ?"

"ಆ ವಚನ ಪೂರ್ತಿ ಓದಿದೆ."

"ಹಾಗಾದರೆ ಓದು ಅರ್ಧಕ್ಕೇ ನಿಂತಿದೆ. ನಾಳೆ ಅವಳ ಮನೆಗೆ ಹೋಗು. ಅಲ್ಲಿಂದ ಮುಂದಕ್ಕೆ ಓದು."

"ಎಲ್ಲಿಯವರೆಗೆ?"

"ಅವಳನ್ನೇ ಕೇಳು."

ಹುಲಿಗೆವ್ವನ ಗುಡಿಸಲು ಸಂತೆ ಮೈದಾನದ ಹಿಂದಿತ್ತು. ಅವನನ್ನು ಕಂಡು ಅವಳು ಸೆರಗು ಸರಿಮಾಡಿಕೊಂಡಳು.

"ಮತ್ತ ಬೈಯಾಕ ಬಂದಿಯೇನಪ್ಪ?"

"ಮುಂದಿನದು ಓದೋದಕ್ಕೆ ಬಂದೆ."

"ಮುಂದೂ ಐತೇನು?" ಎಂದು ಅವಳು ಚಾಪೆ ಹಾಸಿದಳು.

ಎಲೀಷ ದಿನಾ ಹೋದ. ಕಟ್ಟಳೆಗಳನ್ನು ಓದಿದ, ಯುದ್ಧಗಳನ್ನು ಓದಿದ. ಮೊದಮೊದಲು ಹೊಸ್ತಿಲ ಹತ್ತಿರ ಕೂತು, ಅವಳ ಮುಖ ನೋಡದೆ ಓದುತ್ತಿದ್ದ. ಒಂದು ದಿನ ರೂತಳ ಕಥೆ ಬಂತು. ಗಂಡ ಸತ್ತ ಮೇಲೆ ಅತ್ತೆಯ ಕೈ ಬಿಡದೆ, ನಿನ್ನ ದೇವರೇ ನನ್ನ ದೇವರು ಎಂದು ಪರನಾಡಿಗೆ ಬಂದ ಮೋವಾಬ್ ದೇಶದ ಹೆಂಗಸು. ಮುಂದೆ ಅವಳೇ ದಾವೀದ ರಾಜನ ಮುತ್ತಜ್ಜಿ.

ಹುಲಿಗೆವ್ವ ಕೈ ಎತ್ತಿ ತಡೆದಳು. "ತಡಿಯಪ್ಪ. ಮೊದಲನೇ ದಿನ ಓದಿದ್ದಿ. ಮೋವಾಬಿನೋರು ಸಭೆಗೆ ಬರಬಾರದು, ಹತ್ತು ತಲೆಮಾರು ಕಳೆದ್ರೂ ಬರಬಾರದು ಅಂತ. ಈಕಿ ಹೆಂಗ ಒಳಗ ಬಂದ್ಲು?"

ಎಲೀಷ ಪುಟ ಹಿಂದಕ್ಕೆ ತಿರುಗಿಸಿದ. ಇತ್ತು. ಹುಲಿಗೆವ್ವನನ್ನು ತಡೆದ ವಚನದಿಂದ ಎರಡೇ ಸಾಲು ಕೆಳಗೆ.

ಅಕ್ಷರ ಬಾರದವಳು ನೆನಪಿಟ್ಟಿದ್ದಳು. ತನಗೆ ಯಾಕೆ ಕಾಣಲಿಲ್ಲ?

ಮರುದಿನದಿಂದ ಅವನು ಚಾಪೆಯ ನಡುವೆ ಕೂತ.

ಒಂದೂವರೆ ತಿಂಗಳಾಗಿತ್ತು. ಯೆಶಾಯ ಪ್ರವಾದಿಯ ಪುಸ್ತಕ ನಡೆಯುತ್ತಿತ್ತು. ಓದುತ್ತ ಓದುತ್ತ ಎಲೀಷ ಒಂದು ಸಾಲಿನ ಮೇಲೆ ಬೆರಳಿಟ್ಟು ನಿಂತ.

"ಯಾಕ ನಿಲ್ಲಿಸಿದಿ?"

ಅವನು ಮೆಲ್ಲಗೆ ಓದಿದ. ನಾನು ಒಣಮರ ಎಂದು ನಪುಂಸಕನು ಹೇಳಿಕೊಳ್ಳದಿರಲಿ. ನನ್ನ ಮಾತಿಗೆ ನಡೆಯುವವನಿಗೆ ನನ್ನ ಆಲಯದೊಳಗೇ ಜಾಗ ಕೊಡುತ್ತೇನೆ. ಗಂಡುಮಕ್ಕಳು, ಹೆಣ್ಣುಮಕ್ಕಳು ಇರುವುದಕ್ಕಿಂತ ಮಿಗಿಲಾದ ಹೆಸರು ಕೊಡುತ್ತೇನೆ ಎಂದು ದೇವರು ಹೇಳುತ್ತಾನೆ.

ಈ ಅಧ್ಯಾಯವನ್ನು ಅವನು ಹಿಂದೆ ಮೂರು ಸಲ ಓದಿದ್ದ. ಆಗ ಅದು ಯಾರ ಬಗ್ಗೆಯೂ ಆಗಿರಲಿಲ್ಲ.

ಹುಲಿಗೆವ್ವ ಕೇಳಿದಳು: "ಹಂಗಾದ್ರ ಈಗ ಬರ್ಲೇನಪ್ಪ?"

ಎಲೀಷ ತಲೆ ತಗ್ಗಿಸಿದ. "ಅವತ್ತು ನಾನು ಮಾಡಿದ್ದು ತಪ್ಪು. ನಾನೇ ಬಂದು ಕರೆದುಕೊಂಡು ಹೋಗ್ತೀನಿ."

ಭಾನುವಾರ ಅವಳು ಒಳಗೆ ಬಂದು ಹೆಂಗಸರ ಸಾಲಿನಲ್ಲಿ ಕೂತಳು. ಭಟ್ಟಿಯ ಕೂಲಿಯೊಬ್ಬಳು ಮಗುವನ್ನು ಮಡಿಲಿಗೆಳೆದುಕೊಂಡು ಜಾಗ ಬಿಟ್ಟಳು. ಸಭೆಯ ಹಿರಿಯ ಯೋನಪ್ಪ ಎದ್ದು ನಿಂತರು. ಆ ಹಳೆಯ ವಚನವನ್ನು ಬಾಯಿಪಾಠ ಹೇಳಿ, ಮನೆಯವರನ್ನು ಕರೆದುಕೊಂಡು ಹೊರಟುಹೋದರು.

ಎಲ್ಲರೂ ಹೋದ ಮೇಲೆ ಎಲೀಷ ಅಯ್ಯನವರ ಕಾಲ ಬಳಿ ಕೂತ.

"ಯೋನಪ್ಪನವರಿಗೆ ಆ ವಚನ ತೋರಿಸಿಕೊಟ್ಟವನು ನಾನೇ ಅಯ್ಯನವರೇ."

"ಹೂಂ."

"ಅದೂ ವೇದದಲ್ಲಿದೆ, ಇದೂ ಇದೆ. ಇನ್ನು ಮೇಲೆ ಆ ಸಾಲು ಬಂದರೆ ಓದದೆ ದಾಟಿಸಿಬಿಡಲೇ?"

"ದಾಟಿಸಬೇಡ, ಓದು," ಎಂದರು ಅಯ್ಯನವರು. "ಓದುವಾಗ ಅವಳು ನಿನ್ನ ಪಕ್ಕದಲ್ಲಿ ಕೂತಿರಲಿ."