ನಾಯಿಯ ವೀರಗಲ್ಲು

ಕಲ್ಲೇಟು ತಿಂದು ಕುಂಟುತ್ತ ಬಂದ ಬೀದಿನಾಯಿಯೊಂದು ಕೆರೆ ಏರಿಯ ವೀರಗಲ್ಲನ್ನು ಕಂಡು ಹಿಂದೆ ಸರಿಯಿತು.

"ಹತ್ತಿರ ಬಾ" ಎಂದಿತು ವೀರಗಲ್ಲು.

"ಕಲ್ಲಿಗೂ ನನಗೂ ಆಗಿಬರುವುದಿಲ್ಲ."

"ನನ್ನ ಮೇಲೆ ಕೆತ್ತಿರುವುದು ಯಾರನ್ನು, ನೋಡು."

ಅಲ್ಲಿ ಕಾಡುಹಂದಿಯ ಕತ್ತು ಕಚ್ಚಿ ಹಿಡಿದ ನಾಯಿಯಿತ್ತು. ಬೀದಿನಾಯಿ ಕುಂಟುತ್ತ ಹತ್ತಿರ ಬಂದು ನೋಡಿತು.

"ಒಡೆಯನನ್ನು ಉಳಿಸಿ ತಾನು ಸತ್ತಿತು. ಒಡೆಯ ಅಳುತ್ತ ನನ್ನನ್ನು ನಿಲ್ಲಿಸಿದ. ನನಗೆ ಎರೆದ ನೀರು ದಾರಿಯ ನಾಯಿಗಳಿಗೆ ಸಿಗಲೆಂದು ಬುಡದಲ್ಲಿ ಈ ಕುಳಿ ತೋಡಿಸಿದ."

"ಯಾವಾಗ?"

"ಎಂಟುನೂರು ವರ್ಷವಾಯಿತು. ಇವತ್ತೂ ಹೂ ಮಾರುವ ಕೆಂಚವ್ವ ನೀರೆರೆದು, 'ಬಂದವು ಕುಡಿಯಲಿ' ಅಂದು ಹೋದಳು. ಕುಡಿ."

ನಾಯಿ ಹೊಟ್ಟೆತುಂಬ ಕುಡಿಯಿತು. ಆಮೇಲೆ, ಹುಟ್ಟಿದಾಗಿನಿಂದ ಮೊದಲ ಸಲ, ಒಂದು ಕಲ್ಲಿಗೆ ಮೈ ಒರಗಿಸಿ ಕಣ್ಣು ಮುಚ್ಚಿತು.