ಕಪ್ಪೆಚಿಪ್ಪಿನ ಬೆನ್ನ ಮೇಲಿನ ಗೆರೆಗಳು

ದಿನಚರಿ, ೨೧ ಜನವರಿ ೧೯೬೮, ಭಾನುವಾರ: ಹೊಳೆದಂಡೆಯಲ್ಲಿ ಕಪ್ಪೆಚಿಪ್ಪು ಹದಿನೇಳು ಸಿಕ್ಕವು. ಬೆನ್ನ ಮೇಲೆ ಇಷ್ಟು ಗೆರೆ ಎಳೆದವರು ಯಾರೆಂದು ಜೊತೆಗೆ ಬಂದಿದ್ದ ಪುಟ್ಟ ನಳಿನಿ ಕೇಳಿದಳು. ಅವಳಿಗೆ ಹೇಳಿದ ಕಥೆ ಇದು.

ಲೋಕ ಹೊಸದಾಗಿತ್ತು. ಬೆಟ್ಟಗಳ ಮೈ ಇನ್ನೂ ಬೆಚ್ಚಗಿತ್ತು. ಆಗ ಕಪ್ಪೆಚಿಪ್ಪುಗಳ ಬೆನ್ನು ನುಣ್ಣಗಿತ್ತು, ಪ್ರತಿ ಚಿಪ್ಪಿಗೂ ಉಗುರುಳ್ಳ ಆರು ಕಾಲುಗಳಿದ್ದವು.

ಒಂದು ಬೇಸಿಗೆ ಹೊಳೆತಾಯಿ ಎಲ್ಲರನ್ನೂ ಕರೆದಳು. "ಈ ಮಳೆಗಾಲಕ್ಕೆ ನಾನು ಹೊಸ ದಾರಿ ಹಿಡಿಯುತ್ತೇನೆ. ಎಷ್ಟು ಬಗೆಯವರಿದ್ದೀರೋ ಅಷ್ಟು ಬಗೆಯ ಮನೆ ಮಾಡಿಕೊಡುತ್ತೇನೆ. ಕಪ್ಪೆಚಿಪ್ಪುಗಳಿಗೆ ಒಂದು ಮರಳದಿಣ್ಣೆ ಸಾಕು."

"ಸಾಲದು ತಾಯಿ," ಎಂದಳು ಎಲ್ಲರಿಗಿಂತ ಹಿರಿಯಳಾದ ಚಿಪ್ಪವ್ವ. "ನಾವು ಒಂದೇ ಬಗೆಯವರಲ್ಲ. ಕೆಸರಿನವರನ್ನು ಮರಳಿಗೆ ಹಾಕಿದರೆ ಉಳಿಯುವುದಿಲ್ಲ."

"ನನಗೆ ಎಲ್ಲರೂ ಕಲ್ಲಿನ ಹಾಗೇ ಕಾಣುತ್ತೀರಿ. ಬೇರೆಬೇರೆ ಎಂದರೆ ತೋರಿಸು. ಮೊದಲ ಗುಡುಗಿನೊಳಗೆ ತೋರಿಸು."

ಚಿಪ್ಪವ್ವ ಅಂದೇ ಕೆಲಸಕ್ಕೆ ಇಳಿದಳು. ಕಪ್ಪಗಿನವರು ಇತ್ತ, ಹಸಿರಿನವರು ಅತ್ತ, ಹಳದಿಯವರು ಆಚೆ ಎಂದು ಮೂರು ಸಾಲು ಮಾಡಿ ಹೊಳೆತಾಯಿಯನ್ನು ಕರೆದಳು.

ಹೊಳೆತಾಯಿ ಒಂದೇ ಒಂದು ಅಲೆ ಬೀಸಿದಳು. ಕಪ್ಪು ತೊಳೆದುಹೋಯಿತು. ಹಸಿರೂ ಹಳದಿಯೂ ತೊಳೆದುಹೋದವು. ಅಕ್ಕತಂಗಿಯರು ಬೇರೆಬೇರೆ ಸಾಲಿನಲ್ಲಿ ನಿಂತು ಒಬ್ಬರನ್ನೊಬ್ಬರು ನೋಡಿ ನಕ್ಕರು.

"ಪಾಚಿ ಎಣಿಸಿಕೊಂಡು ಬಂದೆಯಾ ಚಿಪ್ಪವ್ವ?" ಎಂದಳು ಹೊಳೆತಾಯಿ.

"ತಪ್ಪಾಯಿತು. ಮತ್ತೆ ಎಣಿಸುತ್ತೇನೆ."

ಈ ಸಲ ಚಿಪ್ಪವ್ವ ಮನೆಮನೆಗೂ ಹೋದಳು. "ಸ್ವಲ್ಪ ಬಾಯಿ ತೆರೆಯವ್ವ," ಎಂದು ಕೇಳಿದಳು. ಎರಡು ಚಿಪ್ಪು ಕೂಡುವಲ್ಲಿ ಕೆಲವರಿಗೆ ದಪ್ಪ ಹಲ್ಲು, ಕೆಲವರಿಗೆ ತೆಳು ಹಲ್ಲು, ಕೆಲವರಿಗೆ ಉದ್ದ, ಕೆಲವರಿಗೆ ಗಿಡ್ಡ, ಕೆಲವರಿಗೆ ಹಲ್ಲೇ ಇಲ್ಲ. ಕದಡಿದ ನೀರಿನಲ್ಲಿ ಇಣುಕಿ ಇಣುಕಿ ಅವಳ ಕಣ್ಣು ಮಂಜಾಯಿತು. ಆದರೂ ಒಬ್ಬರನ್ನೂ ಬಿಡಲಿಲ್ಲ. ಕೊನೆಗೆ ಲೆಕ್ಕ ಸಿಕ್ಕಿತು: ಐದು ಬಗೆ.

"ಸರಿಯಾಗಿದೆ," ಎಂದಳು ಹೊಳೆತಾಯಿ. "ಆದರೆ ನೆರೆ ಬಂದಾಗ ನಾನು ಒಬ್ಬೊಬ್ಬರ ಬಾಯಿ ತೆರೆಸುತ್ತಾ ಕೂರಲೇ? ಗುರುತು ಹೊರಗೆ ಕಾಣಬೇಕು."

ಚಿಪ್ಪವ್ವ ಮೊದಲು ನಾಲ್ಕು ಬಗೆಯ ತಾಯಂದಿರನ್ನು ಸೇರಿಸಿದಳು. "ಉಗುರು ಊರಿ. ನಿಮ್ಮ ನಿಮ್ಮ ಮಕ್ಕಳ ಬೆನ್ನಿಗೆ ಗೆರೆ ಹಾಕಿ. ಒಂದು ಬಗೆಗೆ ಒತ್ತಾಗಿ, ಒಂದಕ್ಕೆ ವಿರಳವಾಗಿ, ಒಂದಕ್ಕೆ ಅಲೆಯ ಹಾಗೆ, ಒಂದಕ್ಕೆ ಬಿಸಿಲಕೋಲಿನ ಹಾಗೆ."

ಚಿಪ್ಪು ಗಟ್ಟಿ, ಉಗುರು ಮೆತ್ತಗೆ. ಚಿಪ್ಪವ್ವ ತಾನೂ ಅವರ ಜೊತೆ ಕೂತಳು; ಗೆರೆ ಎಳೆದಂತೆ ಎಲ್ಲರ ಕಾಲೂ ಸವೆಯಿತು, ಅವಳದು ಬಗೆಗೊಂದರಂತೆ. ಎಳೆದರು, ಸವೆಯಿತು. ಮತ್ತೆ ಎಳೆದರು, ಮತ್ತೆ ಸವೆಯಿತು.

ಬಂಡೆಯ ಮೇಲಿಂದ ಏಡಿ ನೋಡುತ್ತಿತ್ತು. "ಚಿಪ್ಪವ್ವ, ನನ್ನ ಕಾಲು ಎಂಟಕ್ಕೆ ಎಂಟೂ ಇವೆ. ನಿನ್ನವು ಎಷ್ಟು ಉಳಿದವು?"

"ಎರಡು."

"ಕೆಲಸ?"

"ಇನ್ನೊಂದು ಬಗೆ."

ಆ ಐದನೆಯ ಬಗೆಯವರು ಅತ್ತಿಮರದ ಬೇರಿನಡಿ ಇದ್ದರು. ಕಡಲೆಕಾಳಿನಷ್ಟು ಚಿಕ್ಕವರು. ಒಟ್ಟು ಏಳೇ ಜನ. ಗೆರೆ ಹಾಕಲು ತಾಯಿಯೂ ಇರಲಿಲ್ಲ.

"ಬಿಟ್ಟುಬಿಡು ಮಾರಾಯ್ತಿ," ಎಂದಿತು ಏಡಿ. "ಏಳು ಜನ ಇಲ್ಲವಾದರೆ ಯಾರಿಗೆ ಗೊತ್ತಾಗುತ್ತದೆ?"

"ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಬರೆಯಬೇಕು."

ದೂರದಲ್ಲಿ ಮೋಡ ಕಟ್ಟಿತು. ಚಿಪ್ಪವ್ವ ಐದನೆಯ ಕಾಲು ಊರಿದಳು. ಕಣ್ಣು ಕಾಣದೆ ತಡವಿಕೊಂಡೇ ಗೆರೆ ಹಾಕಿದಳು. ಒಂದು, ಎರಡು, ಮೂರು... ಏಳನೆಯ ಮರಿಯ ಬೆನ್ನ ಮೇಲೆ ಗೆರೆ ಮುಗಿಯಿತು, ಕಾಲೂ ಮುಗಿಯಿತು. ಆಗ ಗುಡುಗಿತು.

ನೆರೆ ಬಂತು. ಹೊಳೆತಾಯಿ ಒಬ್ಬೊಬ್ಬರ ಬೆನ್ನ ಮೇಲೂ ಬೆರಳಾಡಿಸಿ ಓದಿದಳು. ಮರಳಿನವರಿಗೆ ಮರಳು ಕೊಟ್ಟಳು. ಕೆಸರಿನವರಿಗೆ ಕೆಸರು ಕೊಟ್ಟಳು. ಆ ಏಳು ಮರಿಗಳಿಗೆ, ಬೇರೆ ಯಾರೂ ಕೇಳದ ಒಂದು ಬೇರಿನ ಸಂದು ಕೊಟ್ಟಳು.

ಅದಕ್ಕೇ ಇಂದಿಗೂ ಹೊಳೆಯಲ್ಲಿ ಕಪ್ಪೆಚಿಪ್ಪು ಎತ್ತಿ ನೋಡಿದರೆ ಬೆನ್ನ ತುಂಬ ಗೆರೆ. ಒಂದು ಬಗೆಯ ಹಾಗೆ ಇನ್ನೊಂದಿಲ್ಲ. ಆ ಗೆರೆಗಳಿಗೆ ತಗಲಿದ್ದು ಚಿಪ್ಪವ್ವನ ಎರಡು ಕಣ್ಣು, ಐದು ಕಾಲು. ಅವಳಿಗೂ ಗೆರೆ ಎಳೆದ ತಾಯಂದಿರಿಗೂ ಉಳಿದದ್ದು ಮೆತ್ತನೆಯ ಒಂದು ಕಾಲು, ಆಮೇಲೆ ಹುಟ್ಟಿದವರಿಗೂ ಅದೊಂದೇ. ಕಪ್ಪೆಚಿಪ್ಪುಗಳೆಲ್ಲ ಈಗಲೂ ಅದನ್ನೇ ಚಾಚಿ, ಎಳೆದುಕೊಂಡು, ನಿಧಾನವಾಗಿ ನಡೆಯುತ್ತವೆ.