ಹಸಿರು ದೀಪ ಮತ್ತು ಅರ್ಧ ರೊಟ್ಟಿ

ಎಳೆಯ ನಾಲಿಗೆಯ ಮೇಲೆ ಮೊದಲ ಅಕ್ಷರವಾಗಿ ಕೂರುವ ಪರಶಿವನಿಗೆ ಶರಣು. ಅವನನ್ನು ನೆನೆದು ಈ ಕಥೆ ಹೇಳುತ್ತೇನೆ.

ಗುಡ್ಡದ ಮೇಲೊಂದು ಮಠದ ಶಾಲೆ. ಅಲ್ಲೊಂದು ಪದ್ಧತಿಯಿತ್ತು. ನಿನ್ನೆ ಕಲಿತದ್ದನ್ನು ಇಂದು ಚಿಕ್ಕ ತರಗತಿಯ ಮಗುವಿಗೆ ಹೇಳಿಕೊಟ್ಟ ಮೇಲೆಯೇ ಪ್ರಸಾದ ಉಣ್ಣಬೇಕು.

ಅಲ್ಲಿನ ಶಿಕ್ಷಕಿ ನೀಲಾಂಬಿಕೆ. ಹೊಸ ಯಂತ್ರಗಳಿಂದ ಮಕ್ಕಳು ಹೇಗೆ ಕಲಿಯುತ್ತಾರೆ ಎಂಬುದು ಅವಳ ಸಂಶೋಧನೆ. ವಿದ್ವಾಂಸರೆಲ್ಲ ಈಗ ಟ್ಯಾಬಿನ ಕಡೆ ವಾಲಿದ್ದಾರೆಂದು ಓದಿ ತನ್ನ ಮಕ್ಕಳಿಗೂ ಒಂದೊಂದು ತರಿಸಿದಳು. ಹೊತ್ತು ಸಾಲದೆಂದು ಹಳೆಯ ಪದ್ಧತಿಯನ್ನು ಬಿಡಿಸಿದಳು. ಮಂಜು ಕವಿದ ಬೆಳಗುಗಳಲ್ಲಿ, ಪರದೆಯ ಬೆಳಕು ಬಿದ್ದ ಪುಟ್ಟ ಮುಖಗಳು ಕೊಳದಲ್ಲಿ ತೇಲುವ ಹಣತೆಗಳಂತೆ ಕಾಣುತ್ತಿದ್ದವು. ನೋಡುತ್ತ ಅವಳು ಮೈಮರೆಯುತ್ತಿದ್ದಳು. ಸರಿ ಉತ್ತರ ಒತ್ತಿದರೆ ಹಸಿರು ದೀಪ ಹತ್ತಿ ಒಂದು ನಕ್ಷತ್ರ. ದೊಡ್ಡ ತರಗತಿಯ ಈರವ್ವನಿಗೆ ಎಲ್ಲರಿಗಿಂತ ಹೆಚ್ಚು, ಹೊನ್ನವ್ವನಿಗೆ ಎಲ್ಲರಿಗಿಂತ ಕಡಿಮೆ.

ವರ್ಷ ಕಳೆದು, ಆ ನಕ್ಷತ್ರಗಳನ್ನು ಎಣಿಸಿ ಬರೆದ ಪ್ರಬಂಧ ಸಿದ್ಧವಾಯಿತು. ನಾಳೆ ವಿದ್ವಾಂಸರ ಸಭೆ ಒಪ್ಪಿದರೆ ಅವಳಿಗೆ ಸನ್ಮಾನ, ನೂರು ಶಾಲೆಗಳೂ ಇದೇ ದಾರಿ ಹಿಡಿಯುತ್ತವೆ. ಆಶೀರ್ವಾದ ಬೇಡಲು ಅವಳು ಮಠದ ಹಿರಿಯ ಸ್ವಾಮಿಗಳಾದ ಅಜ್ಜಾರ ಬಳಿ ಹೋದಳು. ಅಜ್ಜಾರು ಪುಟ ತಿರುವಿ ನಕ್ಕರು.

“ನಕ್ಷತ್ರ ಛಲೋ ಅದಾವ ತಾಯಿ. ಇವತ್ತೊಂದಿನ ಮಕ್ಕಳು ಹೇಳಿಕೊಟ್ಟು ಉಣ್ಣಲಿ.”

ಹಿಂದಿನ ದಿನ ಕಲಿತ ಪಾಠ ಭಿನ್ನರಾಶಿ. ಈರವ್ವ ಚಿಕ್ಕ ಮಗುವಿನೆದುರು ಕೂತಳು. ಹೇಳಿಕೊಡಲು ಬರದೆ, ಪರದೆ ಒತ್ತುವಂತೆ ಬರಿ ನೆಲ ಒತ್ತತೊಡಗಿದಳು. ನೀಲಾಂಬಿಕೆ ತಲೆ ಸವರಿ ಕೇಳಿದಾಗ ಕಣ್ಣು ತುಂಬಿಕೊಂಡಳು.

“ಹಸಿರು ದೀಪ ಹತ್ತೋತನಕ ಒತ್ತಿಕೋತ ಹೋಗ್ತೀನ್ರಿ ಅಕ್ಕೋರೆ. ಲೆಕ್ಕ ಬರಂಗಿಲ್ಲ.”

ಪಕ್ಕದಲ್ಲಿ ಹೊನ್ನವ್ವ ರೊಟ್ಟಿ ಮುರಿಯುತ್ತಿದ್ದಳು. ಇಬ್ಬರಾದರೆ ಅರ್ಧ, ನಾಲ್ವರಾದರೆ ಕಾಲು ಎಂದಳು. ಹಾಗಾದರೆ ಯಾರನ್ನೂ ಊಟಕ್ಕೆ ಕರೆಯುವುದೇ ಬೇಡ ಎಂದಿತು ಎದುರಿನ ಮಗು. ಒಂದೊಂದು ಲೆಕ್ಕಕ್ಕೂ ಮನಸ್ಸಿನಲ್ಲೇ ರೊಟ್ಟಿ ಮುರಿಯುತ್ತ ಕೂತವಳಿಗೆ ನಕ್ಷತ್ರ ಕೂಡಿಡಲು ಹೊತ್ತೆಲ್ಲಿಯದು!

ಅವಳಾಗಿ ಹೇಳದಿದ್ದರೆ ಸಭೆಗೆ ಇದು ತಿಳಿಯುವಂತಿರಲಿಲ್ಲ. ನೀಲಾಂಬಿಕೆ ಮಠದ ಗುರುಗಳ ಗದ್ದುಗೆಗೆ ಅಡ್ಡಬಿದ್ದಳು. ಎದ್ದವಳೇ ಪ್ರಬಂಧದ ಮೊದಲ ಪುಟದಲ್ಲಿ ಬರೆದಳು: “ನಕ್ಷತ್ರ ಎಣಿಸಿದೆ, ಮಕ್ಕಳನ್ನು ಕೇಳಲಿಲ್ಲ. ಇನ್ನೊಂದು ವರ್ಷ ಕೊಡಿ.”

ಸಭೆಯ ಸನ್ಮಾನ ಬೇರೆಯವರ ಪಾಲಾಯಿತು. ಅವಳಿಗೆ ಆ ಒಂದು ವರ್ಷ ಸಿಕ್ಕಿತು.

ಇಬ್ಬಿಬ್ಬರು ಮಕ್ಕಳ ನಡುವೆ ಒಂದೊಂದೇ ಟ್ಯಾಬ್ ಇಟ್ಟಳು. ಈ ಉತ್ತರವೇ ಯಾಕೆಂದು ಜೊತೆಯವಳಿಗೆ ಹೇಳಿಯೇ ಒತ್ತಬೇಕು. ಹೇಳಿಕೊಟ್ಟು ಉಣ್ಣುವ ಹಳೆಯ ಪದ್ಧತಿಯೂ ಮರಳಿತು. ಈರವ್ವನ ನಕ್ಷತ್ರಗಳು ಅರ್ಧಕ್ಕಿಳಿದವು. ಆದರೆ ಅವಳು ಹೇಳಿಕೊಟ್ಟ ಮಗು ಕೈಯಲ್ಲಿ ಅರ್ಧ ರೊಟ್ಟಿ ಹಿಡಿದು, ಇನ್ನೊಂದು ಮಗುವಿಗೆ ಹೇಳಲು ಮಂಜಿನೊಳಗೆ ಓಡಿತು.

ನೀತಿ: ಯಾವ ಉಪಕರಣ ಬಂದರೂ ಬರಲಿ, ಕಲಿತದ್ದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳಲು ಬಂದಾಗಲೇ ಅದು ವಿದ್ಯೆ.

ಕೇಳಿದ ನಿಮ್ಮೆಲ್ಲರ ಮನೆಯ ಮಕ್ಕಳ ನಾಲಿಗೆಯ ಮೇಲೆ ಶಿವನು ಅರಿವಾಗಿ ನೆಲೆಸಲಿ.